ರಸ್ತೆಯಾಚೆಯ ಬಸವನಗುಡಿ

ಹಳೆಯ ಬೆಂಗಳೂರಿನವರಿಗೆ ಊರಿಗಿಂತ ಬಡಾವಣೆ ದೊಡ್ಡದು. ಹೊಸಬರ ಪರಿಚಯವಾದರೆ ಕೆಲಸವೇನೆಂದು ಆಮೇಲೆ ಕೇಳುತ್ತಾರೆ, ಮೊದಲು ಕೇಳುವುದು "ಮನೆ ಎಲ್ಲಿ?" ಎಂದೇ. ನನ್ನ ಮನೆಯಿರುವುದು ಚಾಮರಾಜಪೇಟೆಯ ಕಟ್ಟಕಡೆಯ ರಸ್ತೆಯಲ್ಲಿ. ರಸ್ತೆ ದಾಟಿದರೆ ಬಸವನಗುಡಿ. ಅಷ್ಟು ಸಣ್ಣ ರಸ್ತೆಯನ್ನು ಮಾತಿನಲ್ಲಿ ದಾಟುವುದೇನು ಕಷ್ಟ? ಕೇಳಿದವರಿಗೆಲ್ಲ ಬಸವನಗುಡಿ ಎಂದೇ ಹೇಳಿಕೊಂಡು ಬಂದಿದ್ದೇನೆ. ಕೇಳಿದವರ ಮುಖದಲ್ಲಿ ಒಂದು ಮರ್ಯಾದೆ ಮೂಡುತ್ತದೆ. ಪುಕ್ಕಟೆ ಸಿಗುವ ಮರ್ಯಾದೆಯನ್ನು ಬೇಡವೆನ್ನಲು ನಾನೇನು ಸನ್ಯಾಸಿಯೇ?

ಹೀಗೆ ಹಾಯಾಗಿದ್ದವನಿಗೆ ಮನೆ ಬದಲಿಸುವ ಕಾಲ ಬಂತು. ನಾವಿರುವುದು ಮಹಡಿಯ ಮೇಲೆ, ನನ್ನ ಹೆಂಡತಿ ವಿಶಾಲಳ ಮಂಡಿಗಳು ಮೆಟ್ಟಿಲ ಮೇಲೆ ಮುನಿಸಿಕೊಂಡಿವೆ. ತರಕಾರಿ ಆರಿಸುವುದೆಂದರೆ ಹಬ್ಬ ಎನ್ನುವ ಹೆಂಗಸು ಈಗ ಕಿಟಕಿಯಿಂದ ಬುಟ್ಟಿ ಇಳಿಬಿಟ್ಟು, ಗಾಡಿಯವನು ಹಾಕಿದ್ದನ್ನು ಮೇಲಕ್ಕೆಳೆದುಕೊಳ್ಳುತ್ತಾಳೆ. ಎಷ್ಟೋ ದಿನ ಹುಡುಕಿದ ಮೇಲೆ ನೆಲಮಹಡಿಯ ಬಾಡಿಗೆ ಮನೆಯೊಂದು ಸಿಕ್ಕಿತು. ಆದರೆ ಅದು ಮಲ್ಲೇಶ್ವರದಲ್ಲಿ! "ಮಾತಾಡೋದೆಲ್ಲ ನಾನು. ನೀವು ಕಾಫಿ ಕುಡೀರಿ, ಸಾಕು" ಎಂದು ವಿಶಾಲ ಹೊರಡುವಾಗಲೇ ತಾಕೀತು ಮಾಡಿದಳು.

ಮಲ್ಲೇಶ್ವರದಲ್ಲಿ ಹುಳುಕು ಹುಡುಕಬೇಕೆಂದೇ ಮೆಟ್ರೊ ಇಳಿದೆ. ಹುಡುಕಿದ್ದು ಸಿಗಲಿಲ್ಲ. ಎಂಟನೇ ಕ್ರಾಸಿನಲ್ಲಿ ಸೇವಂತಿಗೆ ರಾಶಿ, ಅದರ ಪಕ್ಕ ಸೊಗಡು ಸೂಸುವ ಅವರೆಕಾಯಿ, ಹತ್ತು ಹೆಜ್ಜೆಗೆ ಬಿಸಿ ಕಾಫಿಪುಡಿಯ ಘಮ. ಮನೆಯ ಹಿತ್ತಿಲ ಬಾಗಿಲು ತೆರೆದಾಗಲಂತೂ ಹುಳುಕಿನ ಮಾತೇ ಮರೆತುಹೋಯಿತು. ಎರಡು ಸಾಲು ಮನೆಗಳ ಬೆನ್ನ ನಡುವೆ ಉದ್ದಕ್ಕೂ ಒಂದು ಓಣಿ, ಮೇಲೆ ಮರಗಳ ನೆರಳು, ತಂಗಾಳಿ. ಪೇಟೆಯ ಇಕ್ಕಟ್ಟಿನಲ್ಲಿ ಪ್ಲೇಗ್ ಹಬ್ಬಿ ಜನ ಸತ್ತ ಮೇಲೆ, ಉಳಿದವರು ಗಾಳಿ ಬೆಳಕು ಸಿಗಲಿ ಎಂದು ಕಟ್ಟಿಸಿದ ಬಡಾವಣೆಯಿದು. ನಮ್ಮ ಬಸವನಗುಡಿಯೂ ಅದೇ ದುಃಖದಲ್ಲಿ ಹುಟ್ಟಿದ್ದು. ಮನೆಮಂದಿಯನ್ನು ಕಳೆದುಕೊಂಡ ಜನ, ಇನ್ನೂ ಹುಟ್ಟದ ನಮಗಾಗಿ ಗಾಳಿಗೂ ಒಂದು ದಾರಿ ಬಿಟ್ಟಿದ್ದರು. ನಿಂತಲ್ಲೇ ಬೆರಗಾದೆ, ಕೈ ಮುಗಿಯಬೇಕೆನಿಸಿತು. ಅಷ್ಟರಲ್ಲಿ ವಿಶಾಲ ಗೋಡೆ ಹಿಡಿಯದೆ ಹಿತ್ತಿಲಿಗಿಳಿದು ನನ್ನತ್ತ ತಿರುಗಿ ನಕ್ಕಳು. ಈ ಮನೆ ಸಿಗದಿದ್ದರೆ ನನಗೆ ಉಳಿಗಾಲವಿಲ್ಲ ಎಂದು ಆಗ ಗೊತ್ತಾಯಿತು.

ಮನೆಯೊಡತಿ ಪಕ್ಕದ ಭಾಗದಲ್ಲೇ ಇರುವ ಹಿರಿಯರು. ಕಾಫಿ ಕೊಟ್ಟು "ಈಗೆಲ್ಲಿದೀರಾ?" ಎಂದು ಕೇಳಿದರು. ಅಭ್ಯಾಸಬಲದಿಂದ "ಬಸವನಗುಡಿ" ಎಂದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಮನೆ ಗಿಟ್ಟಿಸುವ ಆತುರದಲ್ಲಿ ನಾಲಿಗೆಗೆ ಲಗಾಮಿಲ್ಲದಂತಾಯಿತು.

"ಆದ್ರೆ ಅಲ್ಲೇನಿದೆ ಬಿಡೀಮ್ಮಾ, ಬರೀ ಗಲಾಟೆ. ಗಾಂಧಿಬಜಾರಂತೆ, ಕಡಲೆಕಾಯಿ ಪರಿಷೆಯಂತೆ, ಸುಮ್ನೆ ಹೆಸರು. ನಿಮ್ಮ ಮಲ್ಲೇಶ್ವರದ ಮುಂದೆ ನಿವಾಳಿಸಿ ಎಸೀಬೇಕು."

ಅವರು ಲೋಟವನ್ನು ಕೆಳಗಿಟ್ಟರು. "ನಾನು ಹುಟ್ಟಿ ಬೆಳೆದಿದ್ದು ಬಸವನಗುಡೀಲಿ. ಈ ಮನೆಗೆ ಸೊಸೆಯಾಗಿ ಬಂದು ಮುದುಕಿಯಾದೆ, ನಮ್ಮೆಜಮಾನ್ರ ಹತ್ರಾನೂ ತೌರಿನ ಏರಿಯಾನ ಒಂದ್ಮಾತು ಬಿಟ್ಕೊಟ್ಟಿಲ್ಲ. ಇದ್ದ ಜಾಗಾನೇ ಹೀಗೆ ಹಳಿಯೋರು ನಾಳೆ ನಮ್ಮನೇನ ಬಿಡ್ತೀರಾ? ಬೇರೆ ಕಡೆ ನೋಡ್ಕೊಳ್ಳಿ."

ವಿಶಾಲಳ ಮುಖ ನೋಡುವ ಧೈರ್ಯ ಬರಲಿಲ್ಲ. ಆದರೆ ಅವಳು ಒಂದಿಷ್ಟೂ ಅಳುಕದೆ, "ಅದು ಇವರ ಏರಿಯಾ ಅಲ್ಲಮ್ಮಾ. ನಮ್ಮದು ಚಾಮರಾಜಪೇಟೆ. ಬಸವನಗುಡಿ ನಮಗೆ ಬಾಲ್ಕನಿಯಿಂದ ಕಾಣುತ್ತೆ, ಅಷ್ಟೆ" ಎಂದುಬಿಟ್ಟಳು.

ಮನೆಯೊಡತಿಯ ಮುಖದಲ್ಲಿದ್ದ ಸಿಟ್ಟು ಇಳಿದು ಕರುಣೆ ತುಂಬಿಕೊಂಡಿತು. "ಅಯ್ಯೋ, ಚಾಮರಾಜಪೇಟೆಯವರಾ? ಮೊದ್ಲೇ ಹೇಳ್ಬಾರ್ದಾ! ರಸ್ತೆಯೀಚೆ ನಿಂತು ದಿನಾ ನೋಡ್ತಿದ್ರೆ ಯಾರಿಗಾದ್ರೂ ಸ್ವಲ್ಪ ಹೊಟ್ಟೆಕಿಚ್ಚು ಆಗೇ ಆಗುತ್ತೆ, ಪಾಪ. ಅದಕ್ಕೇನಂತೆ, ಯಾವತ್ತು ಹಾಲುಕ್ಕಿಸ್ತೀರಾ?"

ಪಾಪವೇ! ಜೀವನದಲ್ಲಿ ಮೊಟ್ಟಮೊದಲ ಬಾರಿಗೆ ಚಾಮರಾಜಪೇಟೆಗಾಗಿ ನನ್ನ ರಕ್ತ ಕುದಿಯಿತು. ನಿಮ್ಮ ಎರಡೂ ಬಡಾವಣೆಗಿಂತ ಹಿರಿಯದಮ್ಮಾ ನಮ್ಮದು, ನೂಲು ಹಿಡಿದಂಥ ರಸ್ತೆಗಳು, ರಾಮೋತ್ಸವದಲ್ಲಿ ಚಪ್ಪರದಾಚೆ ಫುಟ್‌ಪಾತಿನವರೆಗೂ ಕೂತು ಸಂಗೀತ ಕೇಳುವ ಜನ, ಎಂದೆಲ್ಲ ಹೇಳಲು ಬಾಯಿ ತೆರೆದೆ. ವಿಶಾಲ ಆಗಲೇ ಅಡುಗೆಮನೆಯಲ್ಲಿ ಒಲೆ ಎಲ್ಲಿಡುವುದೆಂದು ನೋಡುತ್ತಿದ್ದಳು.

"ಹೌದಮ್ಮಾ, ಹೊಟ್ಟೆಕಿಚ್ಚೇ" ಎಂದೆ.