ಮೂರನೆಯ ‘ಬೇಡ’

ಎಲ್ಲಕ್ಕೂ ಮೂಲ ಆರ್ವಿಡ್ ಟ್ವೆಟ್‌ನ ಮನೆಮುಂದಿನ ಒಂದು ಬಿರುಕು. ಬೀದಿಯಿಂದ ಗ್ಯಾರೇಜಿಗೆ ಕಾರು ಹತ್ತುವ ಡಾಂಬರು ದಾರಿಯ ನಟ್ಟನಡುವೆ ಅದು ಬಾಯಿ ಬಿಟ್ಟುಕೊಂಡಿತ್ತು. ಹೋದ ಚಳಿಗಾಲದಲ್ಲಿ ಅದರೊಳಗೆ ನೀರು ನಿಂತು, ಆ ನೀರು ಹೆಪ್ಪುಗಟ್ಟಿ, ಅದರ ಮೇಲೆ ಅತ್ತೆ ಆಲ್ವಿನಾ ಕಾಲಿಟ್ಟು ಮುಂಗೈ ಮುರಿದುಕೊಂಡರು. ಬಿದ್ದ ಜಾಗದಿಂದಲೇ ಆಕೆ ಅಳಿಯನನ್ನು ನೋಡಿದ ನೋಟ ಅವನಿಗೆ ಈಗಲೂ ಕನಸಿನಲ್ಲಿ ಬರುತ್ತಿತ್ತು.

“ಈ ದಾರಿ ಸರಿ ಆಗೋವರೆಗೂ ನಾನು ನಿಮ್ಮನೆಗೆ ಕಾಲಿಡಲ್ಲ” ಎಂದಿದ್ದರು ಆಲ್ವಿನಾ. ಅಷ್ಟಕ್ಕೇ ಮುಗಿದಿದ್ದರೆ ಆರ್ವಿಡ್ ಒಳಗೊಳಗೇ ಖುಷಿಪಟ್ಟು ಸುಮ್ಮನಿರುತ್ತಿದ್ದ. ಆದರೆ ಹೆಂಡತಿ ಮಾರ್ಲಿಸ್ ಇನ್ನೊಂದು ಮಾತು ಸೇರಿಸಿದ್ದಳು. “ಮುಂದಿನ ಚಳಿಗಾಲ ಅಮ್ಮ ಇಲ್ಲಿಗೆ ಬರದಿದ್ರೆ ನಾನೇ ಅಲ್ಲಿಗೆ ಹೋಗ್ತೀನಿ. ಹಿಮ ಕರಗೋವರೆಗೂ ಬರಲ್ಲ.”

ಉತ್ತರ ಮಿನೆಸೋಟಾದಲ್ಲಿ ಹಿಮ ಕರಗುವುದೆಂದರೆ ಏಪ್ರಿಲ್. ಆರ್ವಿಡ್ ಊರಿನ ಕನ್ನಡಕದ ಅಂಗಡಿಯವನು. ಊರವರ ಕಣ್ಣಿನ ನಂಬರು ಬಾಯಿಪಾಠ, ಆದರೆ ಒಂದು ಮೊಟ್ಟೆ ಬೇಯಿಸಲು ಬಾರದು. ಸಂಜೆಯಾಗುವ ಮೊದಲೇ ಕತ್ತಲಾಗುವ ಮನೆಯಲ್ಲಿ ಒಬ್ಬನೇ ಕೂತು, ತಾನೇ ಮಾಡಿದ ಅಡುಗೆಯನ್ನು ತಾನೇ ತಿನ್ನುವುದನ್ನು ನೆನೆದರೆ ಅವನ ಹಸಿವೇ ಇಂಗಿಹೋಗುತ್ತಿತ್ತು.

ಹಾಗಾದರೆ ಬೇಸಿಗೆಯಲ್ಲೇ ಡಾಂಬರು ಹಾಕಿಸಬಾರದಿತ್ತೇ? ಹಾಕಿಸಲು ಬಿಟ್ಟವರು ಯಾರು! ಎದುರುಮನೆಯ ಡೆಲ್ಮರ್ ನಿವೃತ್ತರು. ಅಂಗಳದಲ್ಲಿ ಮಳೆ ಅಳೆಯುವ ಗಾಜಿನ ಕೊಳವೆ, ಬಲಗಾಲಿನಲ್ಲಿ ಹವಾಮಾನ ಹೇಳುವ ಮೊಣಕಾಲು. ಏಪ್ರಿಲ್‌ನಲ್ಲಿ, “ನೆಲದೊಳಗೆ ಇನ್ನೂ ಹೆಪ್ಪು ಬಿಟ್ಟಿಲ್ಲ, ಈಗ ಹಾಕಿಸಿದ್ರೆ ಹಪ್ಪಳದ ಥರ ಒಡೆಯುತ್ತೆ” ಎಂದರು. ಜೂನ್‌ನಲ್ಲಿ, “ಗುಡುಗು ಮಳೆ ಕಾಲ ಕಣಪ್ಪಾ” ಎಂದರು. ಜುಲೈನಲ್ಲಿ, “ಈ ಬಿಸಿಲಿಗೆ ಡಾಂಬರು ಗಟ್ಟಿ ಆಗಲ್ಲ, ಚಕ್ರ ಹೂತುಹೋಗುತ್ತೆ. ಸೆಪ್ಟೆಂಬರ್ ಬರ್ಲಿ. ಹಗಲು ಬೆಚ್ಚಗೆ, ಗಾಳಿ ಒಣ. ಡಾಂಬರಿಗೆ ಹೇಳಿ ಮಾಡಿಸಿದ ತಿಂಗಳು” ಎಂದರು.

ಮಾತು ಸತ್ಯವೇ. ಆದರೆ ಅದೇ ಸತ್ಯ ಇಡೀ ಊರಿಗೆ ಗೊತ್ತಿದ್ದರಿಂದ ಡಾಂಬರಿನ ಕರ್ಟ್ ಸೆಪ್ಟೆಂಬರಿನಲ್ಲಿ ಕೈಗೇ ಸಿಗಲಿಲ್ಲ. ಸಿಕ್ಕಿದ್ದು ಅಕ್ಟೋಬರಿನ ಕೊನೆಯ ಶನಿವಾರ. “ಡಾಂಬರು ಕಾಯಿಸೋ ಕಾರ್ಖಾನೆ ಅವತ್ತು ಬಾಗಿಲು ಹಾಕುತ್ತೆ. ಆಮೇಲೆ ಮುಂದಿನ ಮೇ ತಿಂಗಳೇ. ನೆಲ ಒಣಗಿರ್ಬೇಕು, ಗಾಳೀಲಿ ಸ್ವಲ್ಪ ಬಿಸಿ ಇರ್ಬೇಕು. ಮಳೆ ಬಂತೋ, ನಾನು ಬರಲ್ಲ” ಎಂದು ಅವನು ಫೋನಿನಲ್ಲಿ ಹೇಳಿದ್ದ. ದಾರಿ ಸರಿಯಾದರೆ ಅತ್ತೆ ಬರುವುದು ಭಾನುವಾರ ಮಧ್ಯಾಹ್ನ.

ಶನಿವಾರ ಬೆಳಗಾಗುವ ಮೊದಲೇ ಆರ್ವಿಡ್ ಅಂಗಳದಲ್ಲಿದ್ದ. ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡುವ ಹಾಗೆ ನೆಲವನ್ನು ಮುಟ್ಟಿ ನೋಡುತ್ತಿದ್ದ. ಪಡುವಣದಲ್ಲಿ ಒಂದು ಬೂದು ಮೋಡ ಸುಮ್ಮನೆ ಕೂತಿತ್ತು. ಅದು ತನ್ನನ್ನೇ ನೋಡುತ್ತಿದೆಯೆಂದು ಅವನಿಗೆ ಬಲವಾಗಿ ಅನ್ನಿಸಿತು.

ಕಾಫಿ ಲೋಟ ಹಿಡಿದು ಡೆಲ್ಮರ್ ಬೀದಿ ದಾಟಿ ಬಂದರು. “ಮೊಣಕಾಲು ಹಿಡ್ಕೊಂಡಿದೆ ಕಣಪ್ಪಾ.”

ಆರ್ವಿಡ್ ನೆಲದಿಂದ ಕೈ ಎತ್ತಿದ. “ಮಳೆನಾ?”

“ಮಳೆ ನೋವು ಈ ಕಡೆ ಬರುತ್ತೆ. ಇದು ಆ ಕಡೆ. ಹಿಮ.” ಅವರ ಮುಖದಲ್ಲಿ ಸಂತೋಷ ಎದ್ದು ಕಾಣುತ್ತಿತ್ತು. ಕಾರಣ ಅವರ ಅಂಗಳದಲ್ಲೇ ನಿಂತಿತ್ತು. ಟ್ರಕ್ಕಿನ ಮೂತಿಗೆ ಹಿಮ ತಳ್ಳುವ ಹೊಸ ಕಬ್ಬಿಣದ ಹಲಗೆ ಕಟ್ಟಿಸಿ, ವಾರವಿಡೀ ಅದನ್ನು ಒರೆಸಿ ಒರೆಸಿ ಇಟ್ಟಿದ್ದರು.

ಕರ್ಟ್ ಬಂದ. ಜೊತೆಗೆ ಇಬ್ಬರು ಆಳುಗಳು, ಒಂದು ರೋಲರು, ಹೊಗೆಯಾಡುವ ಡಾಂಬರಿನ ಲಾರಿ. ಆರ್ವಿಡ್‌ಗೆ ಆ ಕಮಟು ವಾಸನೆ ಮಲ್ಲಿಗೆಯಂತೆ ಅನ್ನಿಸಿತು. ಆದರೆ ಲಾರಿಯ ಹಿಂದೆಯೇ ಡೆಲ್ಮರ್‌ರ ಹೆಂಡತಿ ಬರ್ನೀಸ್ ಕುಂಬಳಕಾಯಿ ಕೇಕಿನ ತಟ್ಟೆ ಹಿಡಿದು ಬಂದಳು.

“ಒಂದೊಂದು ತುಂಡು ತಗೊಳ್ಳಿ.”

“ಬೇಡಮ್ಮಾ, ನಿಮಗ್ಯಾಕೆ ತೊಂದರೆ” ಎಂದ ಕರ್ಟ್.

ಆ ಊರಲ್ಲಿ ಯಾರೂ ಕೊಟ್ಟದ್ದನ್ನು ಕೊಟ್ಟಕೂಡಲೇ ತೆಗೆದುಕೊಳ್ಳುವುದಿಲ್ಲ. ಮೊದಲ ಬೇಡ ಮರ್ಯಾದೆಗೆ, ಎರಡನೆಯ ಬೇಡ ಇನ್ನಷ್ಟು ಮರ್ಯಾದೆಗೆ. ನಿಜವಾಗಿ ಬೇಡವಾದವನು ಮಾತ್ರ ಮೂರನೆಯ ಸಲ ಬೇಡ ಎನ್ನುತ್ತಾನೆ. ಕರ್ಟ್ ಎರಡು ಸಲ ಬೇಡವೆಂದು ಮೂರನೆಯದಕ್ಕೆ ಕೈಚಾಚಿದ. ಆಮೇಲೆ ಮೊದಲನೆಯ ಆಳು. ಆಮೇಲೆ ಎರಡನೆಯವನು, ಅವನು ಸಂಕೋಚದ ಸ್ವಭಾವದವನಾದ್ದರಿಂದ ಬೇಡ ಎನ್ನುವುದಕ್ಕೂ ಮುಂಚೆ ಒಂದಷ್ಟು ಹೊತ್ತು ಬೂಟು ನೋಡಿಕೊಂಡು ನಿಂತ. ಕೇಕು ಮುಗಿಯಿತು ಎನ್ನುವಾಗ ಬರ್ನೀಸ್ ಕಾಫಿ ತಂದಳು. ಮತ್ತೆ ಮೊದಲಿನಿಂದ.

ಲಾರಿಯ ಮೇಲಿನ ಹೊಗೆ ತೆಳುವಾಗುತ್ತಿತ್ತು. ಆರ್ವಿಡ್ ಕರ್ಟ್‌ನ ಪಕ್ಕಕ್ಕೆ ಸರಿದ. “ಕರ್ಟ್, ಡಾಂಬರು ಆರಿಹೋಗುತ್ತೇನೋ” ಎಂದು ಮೆಲ್ಲಗೆ ಹೇಳಿದ. ಅವಸರ ಮಾಡುವುದೂ ಆ ಊರಲ್ಲಿ ಮರ್ಯಾದೆಯಲ್ಲ. ಹಾಗಾಗಿ ಅದು ಯಾರಿಗೂ ಕೇಳಿಸದಷ್ಟು ಮೆಲ್ಲಗಿತ್ತು.

ಕೊನೆಗೂ ಕೆಲಸ ಶುರುವಾಯಿತು. ಬಿರುಕು ಮುಚ್ಚಿತು, ಹಳೆಯ ದಾರಿಯ ಮೇಲೆ ಕಪ್ಪು ಪದರ ಹರಡಿಕೊಂಡಿತು. ಆರ್ವಿಡ್‌ನ ಕಣ್ಣು ಮಾತ್ರ ಮೋಡದ ಮೇಲೆ. ಅದು ಈಗ ಎದ್ದು ಹೊರಟಿತ್ತು. ಪಕ್ಕದಲ್ಲಿ ನಿಂತಿದ್ದ ಡೆಲ್ಮರ್ ಹೆಗಲ ಮೇಲೆ ಕೈ ಹಾಕಿದರು.

“ಹಿಮ ಬೀಳ್ಲಿ, ನಿನ್ನ ದಾರೀನೂ ನಾನೇ ತೆಗೆದುಕೊಡ್ತೀನಿ. ಹಲಗೆ ಹೆಂಗಿದೆ ನೋಡಿದ್ಯಲ್ಲ.”

“ಅಯ್ಯೋ ಬೇಡಿ, ನಿಮಗ್ಯಾಕೆ ತೊಂದರೆ.”

“ತೊಂದರೆ ಏನ್ಬಂತು? ಎದುರುಮನೆ ತಾನೇ.”

“ಇಲ್ಲ ಇಲ್ಲ, ನಿಜವಾಗ್ಲೂ ಬೇಡಿ.”

ಡೆಲ್ಮರ್ ಇನ್ನೊಂದು ಸಲ ಬಾಯಿ ತೆರೆಯುವಷ್ಟರಲ್ಲಿ ಆರ್ವಿಡ್‌ನ ಮೂಗಿನ ಮೇಲೆ ತಣ್ಣನೆಯ ಹನಿಯೊಂದು ಬಿತ್ತು. ಅವನು “ಕರ್ಟ್, ಮಳೆ!” ಎಂದು ಕೂಗುತ್ತ ಓಡಿದ. ಮಾತು ಅಲ್ಲಿಗೇ ನಿಂತಿತು.

ಮಳೆ ಬರಲಿಲ್ಲ. ಹನಿ ತಲೆಯ ಮೇಲಿನ ಮೇಪಲ್ ಮರದ್ದು. ಆದರೆ ಆ ಒಂದು ಹನಿಗೆ ಆರ್ವಿಡ್‌ನ ಆಯುಸ್ಸು ಒಂದಿಷ್ಟು ಕಡಿಮೆಯಾಗಿರಬೇಕು. ರೋಲರು ಹೋಗಿ ಬಂದು, ಬಂದು ಹೋಗಿ, ಸಂಜೆಗೆ ದಾರಿ ಹೊಸ ಹೆಂಚಿನಂತೆ ಕೂತಿತು.

ಹೊರಡುವಾಗ ಕರ್ಟ್ ಬೂಟಿನ ತುದಿಯಿಂದ ಒತ್ತಿ ನೋಡಿದ. “ಸ್ವಲ್ಪ ಆರಿದ ಮೇಲೆ ಹಾಕಿದ್ವಿ, ನೆಲಾನೂ ತಣ್ಣಗಿತ್ತು. ಅಡಿ ಇನ್ನೂ ಕಚ್ಚಿಕೊಂಡಿಲ್ಲ. ನಡೀಬಹುದು. ಕಾರು ಬೇಡ. ಕಬ್ಬಿಣ ಅಂತೂ ಸೋಕಿಸಲೇಬೇಡಿ. ಹಿಮ ಬಿದ್ರೆ ಮೇಲೆ ಮೇಲೆ ಕಸಬರಿಗೆಲಿ ಗುಡಿಸ್ಕೊಳ್ಳಿ.”

ಆರ್ವಿಡ್ ದಾರಿಯ ಬಾಯಿಗೆ ಹಗ್ಗ ಕಟ್ಟಿದ. ನಾಯಿ ಬಂದರೆ ಓಡಿಸಿದ. ಜಿಂಕೆ ಬಂದರೆ ಕೈಮುಗಿದು ಬೇಡಿಕೊಂಡ. ದೀಪ ಹಚ್ಚುವ ಹೊತ್ತಿಗೆ ಹಿಮದ ಮೊದಲ ಹಳುಕುಗಳು ಬಿದ್ದವು. ಮೊಣಕಾಲು ಸುಳ್ಳು ಹೇಳಿರಲಿಲ್ಲ. ಆದರೆ ಆರ್ವಿಡ್ ಈಗ ಹೆದರಲಿಲ್ಲ, ಬಿದ್ದ ಹಿಮ ಡಾಂಬರನ್ನೇನೂ ಮಾಡುವುದಿಲ್ಲ. ಕಸಬರಿಗೆಯನ್ನು ಬಾಗಿಲ ಬಳಿ ಒರಗಿಸಿಟ್ಟ. ಮಾರ್ಲಿಸ್ ಕಿಟಕಿಯಿಂದ ನೋಡಿ, “ಚೆನ್ನಾಗಿದೆ ಕಣೋ” ಎಂದಳು. ಅತ್ತೆ ಬಿದ್ದಂದಿನಿಂದ ಆ ಮನೆಯಲ್ಲಿ ಅವನ ಕಿವಿಗೆ ಬಿದ್ದ ಮೊದಲ ಒಳ್ಳೆಯ ಮಾತು ಅದು. ಅವನು ಮಗುವಿನಂತೆ ಮಲಗಿದ.

ಬೆಳಗಿನ ಜಾವ ಕರಕರ ಸದ್ದಿಗೆ ಎಚ್ಚರವಾಯಿತು. ದೋಸೆ ಕಾವಲಿಯಿಂದ ಕರಕಲು ಕೆರೆದು ತೆಗೆಯುವ ಸದ್ದು. ಆರ್ವಿಡ್ ಹೊದಿಕೆ ಒದ್ದು ಎದ್ದ. ಬರಿಗಾಲಲ್ಲೇ ಹೊರಗೆ ಓಡಿದ.

ಹಗ್ಗವನ್ನು ಯಾರೋ ಬಿಚ್ಚಿ, ಅಂದವಾಗಿ ಸುತ್ತಿ, ಅಂಚೆಪೆಟ್ಟಿಗೆಯ ಮೇಲಿಟ್ಟಿದ್ದರು. ದಾರಿಯ ಪಕ್ಕದಲ್ಲಿ ಹಿಮದ ರಾಶಿ. ಹಿಮದ ಜೊತೆಗೆ ಚಾಪೆ ಸುತ್ತಿದಂತೆ ಸುರುಳಿ ಸುರುಳಿಯಾಗಿ ಎದ್ದುಬಂದ ಕಪ್ಪು ಡಾಂಬರು. ನಟ್ಟನಡುವೆ ಹಳೆಯ ಬಿರುಕು ಮೊದಲಿಗಿಂತ ಅಗಲವಾಗಿ ನಗುತ್ತಿತ್ತು. ಡೆಲ್ಮರ್ ಟ್ರಕ್ಕಿನಿಂದ ಇಳಿದು ಟೋಪಿ ತೆಗೆದರು.

“ಹಲಗೆ ಸ್ವಲ್ಪ ಕೆಳಗಾಯ್ತು ಅನ್ಸುತ್ತೆ ಕಣಪ್ಪಾ.”

“ನಾನು ಬೇಡ ಅಂದಿದ್ದೆನಲ್ಲ…” ಆರ್ವಿಡ್‌ನ ದನಿ ಅಳುವಂತಿತ್ತು.

“ಎರಡೇ ಸಲ ಅಂದೆ.”

ಆ ಊರಿನ ಲೆಕ್ಕದಲ್ಲಿ ಅದು ಸರಿಯೇ. ಆರ್ವಿಡ್‌ನ ಬಾಯಿ ಅಭ್ಯಾಸಬಲದಿಂದ ತಾನಾಗಿಯೇ ತೆರೆಯಿತು. “ಥ್ಯಾಂಕ್ಸ್. ಪಾಪ, ಇಷ್ಟು ಬೇಗ ಎದ್ದು ಬಂದ್ರಿ.”

ಹಿಂದೆ ಬಾಗಿಲಲ್ಲಿ ಮಾರ್ಲಿಸ್ ನಿಂತಿದ್ದಳು. ದಾರಿ ನೋಡಿದಳು, ಗಂಡನನ್ನು ನೋಡಿದಳು. “ಅಮ್ಮಂಗೆ ಫೋನ್ ಮಾಡ್ತೀನಿ, ನಾನೇ ಬರ್ತಿದೀನಿ ಅಂತ” ಎಂದು ಒಳಗೆ ಹೋದಳು. ಮಂಚದ ಕೆಳಗಿನಿಂದ ಸೂಟ್‌ಕೇಸ್ ಎಳೆಯುವ ಸದ್ದು ಅಂಗಳದವರೆಗೂ ಕೇಳಿಸಿತು.

ಡೆಲ್ಮರ್‌ರ ಮುಖ ಬಾಡಿತು. ಟೋಪಿ ಹಿಸುಕುತ್ತ ಹತ್ತಿರ ಬಂದರು. “ನೋಡಪ್ಪಾ, ಆಗಿದ್ದು ಆಗೋಯ್ತು. ಇನ್ಮೇಲೆ ನಾನೂ ಬರ್ನೀಸೂ ನಿಂಗೆ…”

ಆರ್ವಿಡ್ ಬೆಚ್ಚಿಬಿದ್ದ. ಮತ್ತೊಂದು ಉಪಕಾರ. ಈ ಸಲ ಮನೆಯ ಸೂರೇ ಹೋದೀತು. ಅವನು ಕಣ್ಣು ಮುಚ್ಚಿ ಒಂದೇ ಉಸಿರಿಗೆ ಹೇಳಿಬಿಟ್ಟ, “ಬೇಡ. ಬೇಡ. ಬೇಡ.”

ಡೆಲ್ಮರ್ ಟೋಪಿಯನ್ನು ಮತ್ತೆ ತಲೆಗಿಟ್ಟುಕೊಂಡರು.

“ಸರಿಯಪ್ಪ. ಮೂರು ಸಲ ಅಂದ್ಮೇಲೆ ಬಲವಂತ ಮಾಡೋದು ಮರ್ಯಾದೆ ಅಲ್ಲ. ಮಾರ್ಲಿಸ್ ಬರೋವರೆಗೂ ಎರಡು ಹೊತ್ತೂ ನಮ್ಮನೇಲೇ ಊಟ ಮಾಡು ಅನ್ನೋಣ ಅಂತಿದ್ವಿ.”

ಅವರು ಟ್ರಕ್ಕು ಹತ್ತಿ ಎದುರುಮನೆಗೆ ಹೋದರು. ಬರ್ನೀಸಳ ಅಡುಗೆಮನೆಯಿಂದ ಬೇಕನ್ ಕರಿಯುವ ವಾಸನೆ ಬೀದಿ ದಾಟಿ ಬಂತು. ಆರ್ವಿಡ್ ಕಸಬರಿಗೆ ಹಿಡಿದು, ಉಳಿದ ಹಿಮವನ್ನು ಮೇಲೆ ಮೇಲೆ ಗುಡಿಸತೊಡಗಿದ.