ಹೆಂಡತಿ ಒಪ್ಪಬೇಕಾದ ಹರಕೆ

ಮಾರ್ಸೇ ಬಂದರಿನಲ್ಲಿ ಪೀಪಾಯಿ ಮಾಡುವ ಪೋನ್ಸ ಅಂದು ಬೆಳಿಗ್ಗೆ ಹೆಗಲಿಗೆ ಧರ್ಮಯುದ್ಧದ ಹರಕೆಯ ಗುರುತಾದ ಬಟ್ಟೆಯ ಶಿಲುಬೆ ಹೊಲಿಸಿಕೊಂಡದ್ದು ಭಕ್ತಿಯಿಂದಲ್ಲ. ಕಟುಕ ಉಗೋನ ಬಾಯಿಯಿಂದ.

"ರಾಜರುಗಳೇ ಜೆರುಸಲೇಮಿಗೆ ಯುದ್ಧಕ್ಕೆ ಹೊರಟವ್ರೆ. ಒಬ್ರು ಬೆಟ್ಟ ಹತ್ತಿ ನೆಲದ ದಾರೀಲಿ, ಒಬ್ರು ನಮ್ಮ ಬಂದರಿಂದ ಹಡಗಲ್ಲಿ. ನೀನೋ, ಹೆಂಡ್ತೀನ ಕೇಳ್ದೆ ಸೀನೋದೂ ಇಲ್ಲ!"

ಬೀದಿಯೇ ನಕ್ಕಿತು. ಪೋನ್ಸ ನೆಟ್ಟಗೆ ಪಾದ್ರಿಯ ಮುಂದೆ ಹೋಗಿ ಮಂಡಿಯೂರಿ ಹರಕೆ ಹೊತ್ತ. ಅವನ ಧೈರ್ಯಕ್ಕೆ ಕಾರಣವಿತ್ತು. ಮದುವೆಯಾದವನು ಹೆಂಡತಿ ಒಪ್ಪದೆ ಈ ಯುದ್ಧಕ್ಕೆ ಹೊರಡುವಂತಿಲ್ಲ; ಅದು ಚರ್ಚಿನ ಕಟ್ಟಳೆ. ಅವನ ಗಾರ್ಸೆಂದಾ ಅವನನ್ನು ಪಕ್ಕದ ಬೀದಿಯ ಹೆಂಡದಂಗಡಿಗೇ ಕಳಿಸುವವಳಲ್ಲ, ಇನ್ನು ಕಡಲಾಚೆ ಕಳಿಸಿಯಾಳೆ? ಮಾನವೂ ಉಳಿಯಿತು, ಪ್ರಾಣವೂ ಉಳಿಯಿತು.

ಬೀದಿ ಅಷ್ಟಕ್ಕೆ ಬಿಡಲಿಲ್ಲ. ಉಗೋ ಅವನ ಸೊಂಟಕ್ಕೆ ತುಕ್ಕು ಹಿಡಿದ ಕತ್ತಿ ಕಟ್ಟಿದ. ಎದುರುಮನೆಯ ಅಜ್ಜಿ ತನ್ನ ಗಂಡನ ಕಬ್ಬಿಣದ ಟೊಪ್ಪಿ ತಂದು ತಲೆಗಿಟ್ಟಳು. ಈರುಳ್ಳಿಯ ಮೇಲೆ ಕೊಪ್ಪರಿಗೆ ಬೋರಲು ಹಾಕಿದಂತಾಯಿತು.

"ಏನೂ ಕಾಣ್ತಿಲ್ಲ, ಅಜ್ಜಿ!"

"ನಮ್ಮ ಯಜಮಾನ್ರಿಗೂ ಕಾಣ್ತಿರ್ಲಿಲ್ಲ ಕಣೋ. ಅದಕ್ಕೇ ಹೆದರದೆ ಮುಂದಕ್ಕೆ ನುಗ್ಗಿದ್ರು."

"ಆಮೇಲೆ?"

"ಆಮೇಲೇನು, ಟೊಪ್ಪಿ ವಾಪಸ್ ಬಂತು."

ಮಧ್ಯಾಹ್ನ ಗಾಳಿ ತಿರುಗಿತು. ರಾಜನ ಹಡಗುಗಳು ಈಗಲೇ ಹೊರಡುತ್ತವಂತೆ! ಜನ ಪೋನ್ಸನನ್ನು ಹೊತ್ತುಕೊಂಡು ಅವನ ಮನೆಗೆ ಹೋದರೆ ಬಾಗಿಲಿಗೆ ಬೀಗ. ಪೋನ್ಸ ಬೀಗವನ್ನೇ ಜಗ್ಗಿ ನೋಡಿದ. ಬೇಡ ಎನ್ನುವವಳೇ ಇಲ್ಲದಿದ್ದರೆ ತನ್ನನ್ನು ಉಳಿಸುವವರು ಯಾರು?

ಗಾರ್ಸೆಂದಾ ಸಿಕ್ಕಿದ್ದು ಬಂದರಿನಲ್ಲಿ, ಅತ್ತು ಕೆಂಪಾದ ಕಣ್ಣು ಒರೆಸಿಕೊಳ್ಳುತ್ತ. ಪಾದ್ರಿ ಕೇಳಿದರು, "ಏನಮ್ಮಾ, ಗಂಡನ್ನ ಯುದ್ಧಕ್ಕೆ ಕಳಿಸ್ತೀಯಾ?"

"ಸುತರಾಂ ಇಲ್ಲ, ಸ್ವಾಮಿ. ಈಟಿ ಹಿಡಿಯೋ ಕೈಯಾ ಅದು?"

ಪಾದ್ರಿ ನಿಟ್ಟುಸಿರುಬಿಟ್ಟು ಪೋನ್ಸನ ಹೆಗಲಿನ ಶಿಲುಬೆ ಬಿಚ್ಚಿದರು. ಪೋನ್ಸ ಒಳಗೇ ಕುಣಿಯುತ್ತ, ಹೊರಗೆ ಹಲ್ಲು ಕಡಿದ. "ಅಯ್ಯೋ, ನನ್ನ ಕೈ ಕಟ್ಟಿಹಾಕಿದಳಲ್ಲಪ್ಪಾ!"

"ಬೇಜಾರು ಮಾಡ್ಕೋಬೇಡ್ರೀ," ಎಂದಳು ಗಾರ್ಸೆಂದಾ. "ಬೆಳಿಗ್ಗೆ ನೀವು ಹರಕೆ ಹೊತ್ತ ಸುದ್ದಿ ಕೇಳಿ ಜೀವ ತಡೀಲಿಲ್ಲ. ನಿಮ್ಮನ್ನ ಬಿಟ್ಟು ಹೆಂಗಿರ್ಲಿ? ಹಡಗಿಗೆ ಅಗಸಗಿತ್ತೀರನ್ನ ಬಿಟ್ಟು ಬೇರೆ ಹೆಂಗಸರನ್ನ ಹತ್ತಿಸಲ್ವಂತೆ. ಓಡಿ ಬಂದು ಅಗಸಗಿತ್ತಿಯಾಗಿ ಸೇರ್ಕೊಂಡೆ. ನಾನೂ ಹರಕೆ ಹೊತ್ತಾಯ್ತು." ಅವಳು ಶಾಲು ಸರಿಸಿದಳು. ಹೆಗಲ ಮೇಲೆ ಹೊಸ ಶಿಲುಬೆ. "ನೀರು ಸೇದೋಕೆ, ಬಟ್ಟೆ ಹಿಂಡೋಕೆ ಗಂಡನ್ನೂ ಕರ್ಕೊಂಬಾ ಅಂದ್ರು. ಹೆಸರು ಬರೆಸಿದೀನಿ."

ಪಾದ್ರಿ ಪೋನ್ಸನತ್ತ ತಿರುಗಿದರು. "ಹೆಂಡ್ತಿ ಹರಕೆಗೆ ಗಂಡನ ಒಪ್ಪಿಗೆಯೂ ಬೇಕು. ಒಪ್ಪಿಗೆ ಇದೆಯೇನಪ್ಪಾ?"

ಪೋನ್ಸ ಬಾಯಿ ತೆರೆದ. ಗಾರ್ಸೆಂದಾ ಅವನನ್ನೊಮ್ಮೆ ನೋಡಿದಳು. ಬಾಯಿ ಮುಚ್ಚಿತು.

"ಇದೆ ಸ್ವಾಮಿ," ಎಂದಳು ಅವಳೇ, ಒಗೆಯಲು ಕೊಟ್ಟಿದ್ದ ರಾಜನ ಒಳಬಟ್ಟೆಯ ಗಂಟನ್ನು ಗಂಡನ ತಲೆಗೇರಿಸುತ್ತ.

ಹಡಗಿನ ಹಲಗೆ ಹತ್ತುವಾಗ ಪೋನ್ಸ ಕೊನೆಯ ಸಲ ಹಿಂದಕ್ಕೆ ತಿರುಗಿ ಕೂಗಿದ, "ಹೋಗೋದಂತೂ ಆಯ್ತು, ಆ ಶಿಲುಬೆನಾದ್ರೂ ವಾಪಸ್ ಕೊಡಿ, ಸ್ವಾಮಿ!"

"ಅದು ಹರಕೆ ಇರೋರಿಗಪ್ಪಾ," ಎಂದರು ಪಾದ್ರಿ. "ಹೆಂಡ್ತಿ ಹಿಂದೆ ಬಟ್ಟೆ ಹಿಂಡೋಕೆ ಹೋಗೋರಿಗೆ ಬೇಕಿಲ್ಲ."