ಕಾಕಾ ಮಾಡಿದ ಬಾಣಂತನ

ನನ್ನ ಬಾಣಂತನ ಮಾಡಿದ್ದು ಒಬ್ಬ ಗಂಡಸು ಎಂದರೆ ನೀವು ನಂಬಲಿಕ್ಕಿಲ್ಲ. ಅದೂ ಎಂಥ ಗಂಡಸು? ಮದುವೆಯಾಗದ, ಮಕ್ಕಳಿಲ್ಲದ, ಪುಣೆ ಹತ್ತಿರದ ಪಿಂಪ್ರಿಯ ಕಾರ್ಖಾನೆಯೊಂದರಲ್ಲಿ ಆಯುಷ್ಯವಿಡೀ ನಟ್ಟು-ಬೋಲ್ಟು ತಪಾಸಣೆ ಮಾಡಿ ನಿವೃತ್ತರಾದ, ನನ್ನ ಗಂಡನ ಕಾಕಾ!

ನಾನು ಹೆತ್ತ ಸುದ್ದಿ ಕೇಳಿ ಪುಣೆಗೆ ಹೊರಡುವ ಗಡಿಬಿಡಿಯಲ್ಲಿ ನಮ್ಮವ್ವ ಗದಗಿನ ಮನೆಯ ಬಚ್ಚಲಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡಳು. ಅತ್ತೆಯವರು ನನ್ನ ಮದುವೆಗೆ ಮೊದಲೇ ತೀರಿಕೊಂಡಿದ್ದರು. ಇನ್ನು ನನಗ್ಯಾರು ಗತಿ ಎಂದು ಅಳುತ್ತ ಕೂತಿದ್ದಾಗ ಗಂಡ ತಣ್ಣಗೆ, "ಕಾಕಾ ಬರ್ತಾನಂತ" ಎಂದ.

"ಏನ್ ಮಾಡ್ಲಿಕ್ಕೆ?"

"ಬಾಣಂತನ ಮಾಡ್ಲಿಕ್ಕೆ."

ಜೋರಾಗಿ ನಕ್ಕೆ. ಹೊಲಿಗೆ ಜಗ್ಗಿತು. ನಗುವುದನ್ನು ಅಲ್ಲಿಗೇ ಬಿಟ್ಟೆ.

ಕಾಕಾ ಒಂದು ಕೈಯಲ್ಲಿ ಅಂಟಿನುಂಡಿಯ ಡಬ್ಬಿ, ಬಗಲಲ್ಲಿ ಒಂದು ಹೊರೆ ಸಬ್ಬಸಿಗೆ ಸೊಪ್ಪು ಹಿಡಿದುಕೊಂಡೇ ಬಂದಿಳಿದರು. ಅವರು ಐದು ಮಂದಿ ಅಕ್ಕಂದಿರ ಬೆನ್ನಿಗೆ ಹುಟ್ಟಿದವರು. ಅಕ್ಕಂದಿರೆಲ್ಲ ಹೆರಿಗೆಗೆ ತವರಿಗೆ ಬಂದಾಗ, ಉಬ್ಬಸದ ತಾಯಿಯ ಬದಲಿಗೆ ಒಲೆಯ ಮುಂದೆ ಕೂತವರು ಇವರೇ ಅಂತೆ. ಕೂಸಿಗೆ ಎರೆಯಲು ಒಬ್ಬ ಹೆಂಗಸನ್ನು ಗೊತ್ತುಮಾಡಿ, ನನಗೆ ಹೇಳಿದರು: "ನೋಡವಾ, ಹೊರಗಿನ ಬಾಣಂತನ ಎಲ್ಲಾ ನಂದು. ಒಳಗಿಂದು ನಿಂದು."

ಒಳಗಿನದು ಎಂದರೆ ಹಾಲು. ಆ ಶಬ್ದ ಮಾತ್ರ ಅವರ ಬಾಯಿಂದ ಹೊರಡುತ್ತಿರಲಿಲ್ಲ. ಮುಚ್ಚಿದ ಬಾಗಿಲಿಗೂ ಬೆನ್ನು ಮಾಡಿ ನಿಂತು, "ಸಪ್ಲೈ ಹೆಂಗ ಅದ ಇವತ್ತ?" ಎಂದು ಕೇಳುತ್ತಿದ್ದರು.

"ಗೊತ್ತಾಗವಲ್ದು ಕಾಕಾ."

ಹೇಗೆ ಗೊತ್ತಾಗಬೇಕು ಹೇಳಿ? ಅಳತೆಯ ಗೆರೆಗಳಿರುವ ಬಾಟಲಿಯೇ ನಾನು? ಕೂಸು ಅತ್ತರೆ ಹಸಿವೆಯಿಂದ ಅಳುತ್ತಿದೆ ಅನಿಸುತ್ತಿತ್ತು. ಅಳದಿದ್ದರೆ ಅಳಲಿಕ್ಕೂ ಶಕ್ತಿ ಇಲ್ಲವೇನೋ ಅನಿಸುತ್ತಿತ್ತು. ನಿದ್ದೆ ಮಾಡಿದರೆ ಮೂಗಿನ ಹತ್ತಿರ ಬೆರಳಿಟ್ಟು ನೋಡುತ್ತಿದ್ದೆ; ಅದು ಎಚ್ಚರಾಗಿ ಮತ್ತೆ ಅಳುತ್ತಿತ್ತು. ಎದೆಗೆ ಹಚ್ಚಿದರೆ ಬಾಯಿ ಹಾಕುವುದು, ಬಿಡುವುದು, ಚೀರುವುದು. ನೋವಿಗೆ ನಾನು ತಲೆದಿಂಬು ಕಚ್ಚುತ್ತಿದ್ದೆ.

ಸಾಲದ್ದಕ್ಕೆ ಎದುರು ಮನೆಯ ಮರಾಠಿ ಮಾವಶಿ ಕೂಸನ್ನು ನೋಡಲು ಬಂದವರು ತಲೆಯಾಡಿಸಿ, "ಬಾಳ ಉಪಾಶಿ ಆಹೆ" ಅಂದುಬಿಟ್ಟರು. ಅವರು ಹೋದದ್ದೇ ತಡ, ನನ್ನ ಅಳು ಕಟ್ಟೆಯೊಡೆಯಿತು. ಕಾಕಾ ಬಾಗಿಲಾಚೆಯಿಂದ ಗಾಬರಿಯಾಗಿ ಕೇಳಿದರು, "ಯಾಕವಾ, ಏನಾತು?"

"ಕೂಸು ಭಾಳ ಉಪವಾಸ ಅದ ಅಂದ್ರಲ್ರಿ."

"ಭಾಳ ಅಂದಿಲ್ಲವಾ ಆಕಿ. ಮರಾಠ್ಯಾಗ ಬಾಳ ಅಂದ್ರ ಕೂಸು. ಬರೇ ಉಪವಾಸ ಅದ ಅಂದ್ಳಷ್ಟ."

ಸಮಾಧಾನ ಹೇಳುವುದರಲ್ಲಿ ಕಾಕಾ ಅಷ್ಟಕ್ಕಷ್ಟೆ.

ಅಂದಿನಿಂದ ಅಡುಗೆಮನೆಯಲ್ಲಿ ಉತ್ಪಾದನೆ ಇಮ್ಮಡಿಯಾಯಿತು. ಹಾಲು ಹೆಚ್ಚಲೆಂದು ಬೆಳಿಗ್ಗೆ ಅಳವಿ ಬೀಜದ ಪಾಯಸ, ಮಧ್ಯಾಹ್ನ ಸಬ್ಬಸಿಗೆ ಪಲ್ಯ, ಸಂಜೆ ಮತ್ತೆ ಸಬ್ಬಸಿಗೆ. ಲಿಫ್ಟಿನಲ್ಲೂ ಸಬ್ಬಸಿಗೆಯ ವಾಸನೆ! ಗಂಡ ತನ್ನ ಕಾರ್ಖಾನೆಯ ಕ್ಯಾಂಟೀನಿನಲ್ಲೇ ಉಂಡು ಬರತೊಡಗಿದ. ನನ್ನ ಎದೆಯೇನೋ ಕಲ್ಲಿನಂತೆ ಬಿಗಿಯಿತು, ಕೂಸಿನ ಅಳು ಮಾತ್ರ ನಿಲ್ಲಲಿಲ್ಲ.

ಕಾಕಾರ ಇನ್ನೊಂದು ಕೆಲಸ ಬಾಲ್ಕನಿಯ ತಪಾಸಣೆ. ಹಗ್ಗದ ಮೇಲೆ ಒಣಹಾಕಿದ ಲಂಗೋಟಿಗಳ ಮುಂದೆ ಕೈಕಟ್ಟಿ ನಿಂತು, ಹಳೇ ಕಾರ್ಖಾನೆಯ ಗತ್ತಿನಲ್ಲಿ ಆ ತುದಿಯಿಂದ ಈ ತುದಿಗೆ ನೋಡುತ್ತಿದ್ದರು. "ಒಳಗ ಹೋದದ್ದು ಕಾಣಸೂದಿಲ್ಲವಾ. ಹೊರಗ ಬಂದದ್ದು ಕಾಣಸ್ತದ," ಎನ್ನುತ್ತಿದ್ದರು. ಎದುರು ಕಟ್ಟಡದವರು ಇವರನ್ನು ಏನೆಂದುಕೊಂಡರೋ!

ಒಂದು ಮಧ್ಯಾಹ್ನ ಅದೇ ಬಾಲ್ಕನಿಯಿಂದ ನೇರ ನನ್ನ ಬಾಗಿಲಿಗೆ ಬಂದರು. ಸಪ್ಲೈ ಗಿಪ್ಲೈ ಏನೂ ಕೇಳಲಿಲ್ಲ.

"ಅವಾ, ನಿನ್ನೆಯಿಂದ ತೊಯ್ದ ಲಂಗೋಟಿ ಕಡಿಮಿ ಅವ. ಕೂಸಿನ ಬಟ್ಟಿ ತಗೋ. ದವಾಖಾನಿಗೆ ಹೋಗೂಣು."

ಆ ದನಿ ಕೇಳಿದ್ದೇ ಕೂಸನ್ನು ಸುತ್ತಿಕೊಂಡು ಹೊರಟೆ. ಡಾಕ್ಟರಮ್ಮ ಕೂಸನ್ನು ತೂಗಿ ನೋಡಿದರು. ಹುಟ್ಟಿದಾಗಿನ ತೂಕಕ್ಕಿಂತ ಇಳಿದಿತ್ತು. "ನಿಮಗೆ ಹಾಲಿದೆ. ಕೂಸಿಗೆ ಸರಿಯಾಗಿ ಹಿಡಿಯಲು ಬರುತ್ತಿಲ್ಲ," ಎಂದು ಹಿಂದಿಯಲ್ಲಿ ನಿಧಾನವಾಗಿ ಹೇಳಿ, ಕಲಿಸಿಕೊಡುವ ಸಿಸ್ಟರ್ ಹತ್ತಿರ ಕಳಿಸಿದರು.

ಅಲ್ಲಿ ಪರದೆ. ಪರದೆಯೊಳಗೆ ಗಂಡಸರಿಗೆ ಪ್ರವೇಶವಿಲ್ಲ. ಸಿಸ್ಟರ್ ಮರಾಠಿಯಲ್ಲಿ ಚಕಚಕ ಹೇಳುತ್ತಾರೆ, ನನಗೆ ಅರ್ಥವಾಗದು. ನನ್ನ ಹಿಂದಿಯೋ, ಅಳುವಾಗ ಕೈಕೊಡುತ್ತದೆ. ಕೊನೆಗೆ ಪರದೆಯಾಚೆಯಿಂದ ಕೆಮ್ಮು ಕೇಳಿಸಿತು.

"ಅವಾ, ನಾ ಹೇಳ್ತೀನಿ ಕೇಳು. ಕೂಸಿನ ಹೊಟ್ಟಿ ನಿನ್ನ ಹೊಟ್ಟಿಗೆ ಹತ್ತಬೇಕಂತ."

"ಹೂಂ ಕಾಕಾ."

"ಬಾಯಿ ದೊಡ್ಡದಾಗಿ ತೆರೀತನಕಾ ಕಾಯಬೇಕಂತ. ಆಮ್ಯಾಲೆ..." ಕಾಕಾ ತಡೆದರು. ಸಿಸ್ಟರ್ ಮತ್ತೆ ಹೇಳಿದರು. "ಆಮ್ಯಾಲೆ ಅದನ್ನ... ಆ ಪಾರ್ಟನ್ನ... ಬರೇ ತುದಿ ಹಿಡದ್ರ ನಡ್ಯೂದಿಲ್ಲಂತವಾ. ನಟ್ಟು ಅರ್ಧಾ ಕೂಡಿಸಿದ್ರ ಲೀಕ್ ಆಗತದಲ್ಲಾ, ಹಂಗ. ಸುತ್ತಲಿಂದೂ ಸೇರಿಸಿ ಪೂರಾ ಫಿಟ್ ಮಾಡಬೇಕು."

ಸಿಸ್ಟರ್ ಇಷ್ಟೆಲ್ಲ ಹೇಳಿರಲಿಲ್ಲ ಎಂಬುದು ಅವರ ಮುಖದಲ್ಲೇ ಕಾಣುತ್ತಿತ್ತು. ನನಗೆ ನಗು ಬಂತು. ಬಿಗಿಹಿಡಿದ ಭುಜಗಳು ಸಡಿಲವಾದವು. ಸಿಸ್ಟರ್ ನನ್ನ ಕೈ ಹಿಡಿದು, ಕೂಸಿನ ಬಾಯಿ ಅಗಲವಾದ ಕ್ಷಣದಲ್ಲಿ ಎದೆಗೆ ಒತ್ತಿದರು. ಸೂಜಿ ಚುಚ್ಚಿದಂಥ ನೋವು ಬರಲಿಲ್ಲ. ಸ್ವಲ್ಪ ಹೊತ್ತಿಗೆ ಗುಟುಕ್, ಗುಟುಕ್ ಎಂದು ನುಂಗುವ ಸದ್ದು. ಅಷ್ಟು ಸಣ್ಣ ಗಂಟಲಿನಿಂದ ಅಷ್ಟು ದೊಡ್ಡ ಸದ್ದು!

ಮುಂದೆ ತೂಕ ಏರಿತು, ನೀವು ಚಿಂತೆ ಮಾಡಬೇಡಿ. ಅದಕ್ಕೆ ಕಾರಣ ಸಬ್ಬಸಿಗೆ ಎಂದು ಕಾಕಾ ಇವತ್ತಿಗೂ ವಾದಿಸುತ್ತಾರೆ.

ಆ ದಿನ ರಿಕ್ಷಾದಲ್ಲಿ ಮರಳುವಾಗ ಕೂಸು ಹೊಟ್ಟೆ ತುಂಬಿ, ಮುಷ್ಟಿ ಬಿಚ್ಚಿ ಮಲಗಿತ್ತು. ಪಕ್ಕದಲ್ಲಿ ಕೂತ ಕಾಕಾ, "ಸ್ವಲ್ಪ ಇಲ್ಲೆ ಕೊಡ್ತೀಯೇನವಾ, ಎತ್ತಿಕೋತೀನಿ," ಎಂದರು.

ಆಗ ಹೊಳೆಯಿತು. ಇಷ್ಟು ದಿನ ಕೂಸಿನ ಬಟ್ಟೆ ಒಗೆದವರು, ತೊಟ್ಟಿಲು ತೂಗಿದವರು, ಅದನ್ನು ಒಮ್ಮೆಯೂ ಎತ್ತಿಕೊಂಡಿರಲಿಲ್ಲ.

"ಯಾಕ ಕಾಕಾ, ಇಷ್ಟ ದಿವ್ಸ ಎತ್ತಿಕೊಳ್ಳಲೇ ಇಲ್ಲಲ್ರಿ?"

"ಹಸದ ಕೂಸು ಯಾರ ಎತ್ತಿಕೊಂಡ್ರೂ ಎದಿ ಹುಡುಕತದವಾ," ಅಂದರು ಕಾಕಾ. "ನನ್ನ ಕಡೆ ಏನ ಅದ ಕೊಡ್ಲಿಕ್ಕೆ?"

ಕೊಟ್ಟೆ. ಕೂಸು ಅವರ ಅಂಗಿಗೆ ಕೆನ್ನೆ ಹಚ್ಚಿ ಹಾಗೇ ಮಲಗಿತು. ಏನನ್ನೂ ಹುಡುಕಲಿಲ್ಲ.